ನೆಲದ ಒಡೆತನ, ನೆರೆಯ ಸಾಕ್ಷಿ: ಕೊಡಗಿನ ಭೂಮಿಗೆ ಬಂದ ಹೊರಗಿನ ಬಂಡವಾಳ

ಭೂಮಿಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಒಡೆತನದ ಪ್ರಶ್ನೆಯಿಂದ ಆರಂಭಿಸುತ್ತಾರೆ. ಯಾರು ಕೊಟ್ಟರು, ಯಾರು ಪಡೆದರು, ಯಾರಿಂದ ಯಾರಿಗೆ ಕೈ ಬದಲಾಯಿತು ಎಂಬುದು ದಾಖಲೆಗಳಲ್ಲಿ ಸುಲಭವಾಗಿ ಸಿಗುವ ಸಂಗತಿ. ಆದರೆ ಒಂದು ಊರಿನ ಬದುಕನ್ನು ತಿಳಿಯಲು ಅಷ್ಟು ಸಾಲದು. ಕೈ ಬದಲಾದಾಗ ಆ ನೆಲದೊಂದಿಗೆ ಯಾವ ಹೊಣೆಗಳು ಹೊಸ ಒಡೆಯನಿಗೆ ಹೋದವು, ಯಾವುವು ಹಿಂದೆ ಉಳಿದವು ಎಂಬುದನ್ನೂ ಕೇಳಬೇಕಾಗುತ್ತದೆ. ಕೃಷಿಭೂಮಿಯಲ್ಲಿ ಹೊರಗಿನವರು ಹಣ ಹೂಡುವುದು ಒಳಿತೋ ಕೆಡುಕೋ ಎಂಬ ಇಂದಿನ ವಾದಗಳಲ್ಲಿ ಈ ಎರಡನೆಯ ಪ್ರಶ್ನೆ ಬಹುಮಟ್ಟಿಗೆ ಮರೆಯಾಗಿದೆ.

ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ಕೊಡಗಿನ ನೆಲದ ಮೇಲಿಟ್ಟು ನೋಡುವ ಪ್ರಯತ್ನವಿದೆ. ಕೊಡಗನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಅಲ್ಲಿನ ಭೂಮಿಯ ಮೇಲೆ ಹೊರಗಿನವರಿಗೆ ಹಕ್ಕು ದೊರೆತ ಸಂದರ್ಭಗಳು ಒಂಬತ್ತನೆಯ ಶತಮಾನದಿಂದಲೇ ಕಲ್ಲಿನ ಮೇಲೆ ದಾಖಲಾಗಿವೆ. ಲಾಭಕ್ಕಾಗಿ ಹೂಡಿದ ಬಂಡವಾಳ ಅಲ್ಲಿಗೆ ಬಂದ ಕಾಲವೂ ಸ್ಪಷ್ಟವಾಗಿ ತಿಳಿದಿದೆ. ಅದರ ಪರಿಣಾಮಗಳಂತೂ ಇಂದಿಗೂ ಕಣ್ಣೆದುರಿಗಿವೆ.

ಕಲ್ಲಿನ ಮೇಲಿನ ಸಾಕ್ಷಿಗಳು

ದಕ್ಷಿಣ ಕೊಡಗಿನ ಬಿಳಿಯೂರಿನ ಶಾಸನವು ಶಕವರ್ಷ 809ಕ್ಕೆ, ಎಂದರೆ ಕ್ರಿ.ಶ. 887–88ಕ್ಕೆ ಸೇರಿದುದು. ಗಂಗರ ಅರಸ ಸತ್ಯವಾಕ್ಯ ಕೊಂಗುಣಿವರ್ಮ ಪೆರ್ಮಾನಡಿಯು ತನ್ನ ಆಳ್ವಿಕೆಯ ಹದಿನೆಂಟನೆಯ ವರ್ಷದಲ್ಲಿ ಬಿಳಿಯೂರಿಗೆ ಸೇರಿದ ಹನ್ನೆರಡು ಹಳ್ಳಿಗಳನ್ನು ಪೆನ್ನೆಗಡಂಗದ ಸತ್ಯವಾಕ್ಯ ಜಿನಾಲಯಕ್ಕಾಗಿ ಸರ್ವನಂದಿದೇವರಿಗೆ ದತ್ತಿಯಾಗಿ ಬಿಟ್ಟನು. ಸುಮಾರು ತೊಂಬತ್ತು ವರ್ಷಗಳ ಅನಂತರ, ಶಕವರ್ಷ 899ರಲ್ಲಿ (977–78), ಅದೇ ಪ್ರದೇಶದ ಪೆಗ್ಗೂರಿನಲ್ಲಿ ಇನ್ನೊಂದು ದತ್ತಿ ನಡೆಯಿತು. ಬೆದ್ದೊರೆಗರೆಯನ್ನು ಆಳುತ್ತಿದ್ದ ರಕ್ಕಸನ ಕಾಲದ ಆ ಶಾಸನದಲ್ಲಿ ಪೆರ್ಗದೂರನ್ನು ಪಡೆದವನು ಶ್ರವಣಬೆಳಗೊಳದ ಗುರುಪರಂಪರೆಗೆ ಸೇರಿದ ಅನಂತವೀರ್ಯ. ಬೆಳಗೊಳದಿಂದ ಕೊಡಗಿನ ಆ ಮೂಲೆಗೆ ಅಂದಿನ ಕಾಲದಲ್ಲಿ ಹಲವು ದಿನಗಳ ನಡಿಗೆಯ ದಾರಿ. ಆದ್ದರಿಂದ ಕೊಡಗಿನ ಊರೊಂದರ ಆದಾಯವು ಹೊರಗಿನವರಿಗೆ ಸಲ್ಲುವುದು ಹತ್ತನೆಯ ಶತಮಾನದಲ್ಲಿಯೇ ನಡೆದಿದ್ದ ಸಂಗತಿ ಎಂಬುದರಲ್ಲಿ ಸಂದೇಹವಿಲ್ಲ.

ಬಿಳಿಯೂರಿನ ಶಾಸನದಲ್ಲಿ ಗಮನಿಸಬೇಕಾದ ಮತ್ತೊಂದು ಅಂಶವೆಂದರೆ ಸಾಕ್ಷಿಗಳ ಪಟ್ಟಿ. ಗಂಗವಾಡಿ ತೊಂಬತ್ತಾರು ಸಾವಿರದವರು, ಸಾಮಂತರು, ಬೆದ್ದೊರೆಗರೆ ಎಪ್ಪತ್ತರವರು ಇವರೊಂದಿಗೆ ಎಂಟು ಒಕ್ಕಲುಗಳನ್ನೂ ಅಲ್ಲಿ ಸಾಕ್ಷಿಗಳಾಗಿ ಹೆಸರಿಸಲಾಗಿದೆ. ರಾಜ್ಯದ ಮಟ್ಟದಿಂದ ನೆಲ ಉಳುವ ಒಕ್ಕಲಿನ ಮಟ್ಟದವರೆಗೆ ಸಾಕ್ಷಿಗಳ ಸಾಲು ಇಳಿದುಬರುತ್ತದೆ. ಅರಸನ ಇಚ್ಛೆಯೊಂದೇ ದತ್ತಿಯನ್ನು ನಿಲ್ಲಿಸಲಾರದು, ಅಕ್ಕಪಕ್ಕದವರ ತಿಳಿವಳಿಕೆಯೂ ಅದಕ್ಕೆ ಬೇಕು ಎಂಬ ಅರಿವು ಈ ಕ್ರಮದ ಹಿಂದಿದೆ. ಅದಕ್ಕಿಂತ ಮುಖ್ಯವಾಗಿ, ದತ್ತಿ ಪಡೆದವನು ಪಡೆದದ್ದು ಊರಿನ ಹುಟ್ಟುವಳಿಯಲ್ಲಿ ಅರಸನಿಗೆ ಸಲ್ಲುತ್ತಿದ್ದ ಪಾಲನ್ನು. ಉಳುವವರು ತಮ್ಮ ಸ್ಥಳದಲ್ಲಿಯೇ ಉಳಿದರು. ಯಾವ ಬೆಳೆ ಬೆಳೆಯಬೇಕು, ಯಾವ ಕಾಡನ್ನು ಉಳಿಸಿಕೊಳ್ಳಬೇಕು ಎಂಬ ನಿರ್ಧಾರ ಬೆಳಗೊಳಕ್ಕೆ ಹೋಗಲಿಲ್ಲ.

ಪಡೆದ ಆದಾಯದ ಒಂದು ಭಾಗ ಊರಿಗೆ ಮರಳಿದ ನಿದರ್ಶನವೂ ಉಂಟು. ಉತ್ತರ ಕೊಡಗಿನ ಮುಳ್ಳೂರು ಕೊಂಗಾಳ್ವರ ಕಾಲದಲ್ಲಿ ಪ್ರಸಿದ್ಧ ಜೈನ ಕೇಂದ್ರವಾಗಿತ್ತು. 1058ರ ಶಾಸನವೊಂದರ ಪ್ರಕಾರ ರಾಜೇಂದ್ರ ಕೊಂಗಾಳ್ವನು ತನ್ನ ತಂದೆ ಕಟ್ಟಿಸಿದ ಬಸದಿಗೆ ಭೂಮಿಯನ್ನು ಬಿಟ್ಟನು. ಅವನ ತಾಯಿ ಪೋಚಬ್ಬರಸಿಯ ಗುರುವಾಗಿದ್ದ ಗುಣಸೇನ ಪಂಡಿತನು ಮುಳ್ಳೂರಿನ ನಕರದ ಧರ್ಮವಾಗಿ ನಾಗಬಾವಿಯನ್ನು ತೋಡಿಸಿದ ವಿಷಯವನ್ನು ಅಲ್ಲಿಯ ಇನ್ನೊಂದು ಶಾಸನ ತಿಳಿಸುತ್ತದೆ. ನಕರವೆಂದರೆ ವರ್ತಕರ ಸಂಘ. ಭೂದಾನ ಪಡೆದ ಸಂಸ್ಥೆಯ ಗುರು, ವರ್ತಕರ ಸಂಘ, ಊರಿನ ನೀರು ಈ ಮೂರೂ ಒಂದೇ ಬಾವಿಯ ಸುತ್ತ ಕೂಡಿಬಂದಿವೆ.

ಈ ಚಿತ್ರವನ್ನು ಅತಿಯಾಗಿ ಉಜ್ವಲಗೊಳಿಸಬಾರದು. ಶಾಸನವನ್ನು ಬರೆಯಿಸಿದವರು ದಾನಿಗಳು. ಉತ್ತವರ ಮಾತು, ಅದರಲ್ಲಿಯೂ ಒಕ್ಕಲಿನ ಮನೆಯ ಆಳುಗಳಾಗಿ ದುಡಿದವರ ಮಾತು, ಅಲ್ಲಿಲ್ಲ. ಆದರೂ ಹೊರಗಿನವನ ಹಕ್ಕಿಗೆ ಒಂದು ಎಲ್ಲೆಯಿತ್ತು, ಆ ಎಲ್ಲೆಯನ್ನು ಬಲ್ಲ ನೆರೆಯವರಿದ್ದರು ಎಂಬಷ್ಟನ್ನು ಈ ಕಲ್ಲುಗಳಿಂದ ನಿಶ್ಚಯವಾಗಿ ಹೇಳಬಹುದು.

ಜಮ್ಮ, ಬಾಣೆ, ಒಕ್ಕ

ಹಾಲೇರಿ ಅರಸರ ಕಾಲಕ್ಕೆ ಬರುವಾಗ ಕೊಡಗಿನ ಭೂಮಿಯು ವಿಶಿಷ್ಟವಾದ ವ್ಯವಸ್ಥೆಯೊಂದರೊಳಗೆ ನೆಲೆಗೊಂಡಿತ್ತು. ಲಿಂಗರಾಜೇಂದ್ರನ ಕಾಲದ ಶಿಸ್ತು ಎಂಬ ಭೂಮಾಪನ ಅದನ್ನು ಬರಹಕ್ಕೆ ಇಳಿಸಿತು. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಇಂಗ್ಲಿಷರು ಅದನ್ನು ಬಹುಮಟ್ಟಿಗೆ ಮುಂದುವರಿಸಿದರು. ಅರಸನಿಗೆ ಸೇವೆ ಸಲ್ಲಿಸುವ ಹೊಣೆಯೊಂದಿಗೆ ವಂಶಪಾರಂಪರ್ಯವಾಗಿ ಅನುಭವಿಸುವ ಭೂಮಿಗೆ ಜಮ್ಮವೆಂದು ಹೆಸರು. ಪೂರ್ಣ ಕಂದಾಯದ ಸಾಗು ಭೂಮಿಗೆ ಹೋಲಿಸಿದರೆ ಜಮ್ಮದ ಮೇಲಿನ ಕಂದಾಯ ಅರ್ಧದಷ್ಟು ಮಾತ್ರ. ಆದರೆ ಅದನ್ನು ಮಾರುವಂತಿರಲಿಲ್ಲ, ಅಡವಿಡುವಂತಿರಲಿಲ್ಲ. ಅದು ವ್ಯಕ್ತಿಯ ಸ್ವತ್ತಾಗಿರದೆ ಒಕ್ಕದ ಸ್ವತ್ತಾಗಿತ್ತು. ಒಂದೇ ಮೂಲಪುರುಷನಿಂದ ಬಂದ ಮನೆತನವೇ ಒಕ್ಕ. ಅದರ ಮೂಲಸ್ಥಾನ ಐನ್‌ಮನೆ.

ಜಮ್ಮದ ಗದ್ದೆಯೊಂದಿಗೆ ಬಾಣೆ ಎಂಬ ಕಾಡುಭೂಮಿಯೂ ಸೇರಿರುತ್ತಿತ್ತು. ಗದ್ದೆಗೆ ಬೇಕಾದ ಸೊಪ್ಪು, ಒಲೆಗೆ ಸೌದೆ, ದನಗಳಿಗೆ ಮೇವು ಇವೆಲ್ಲ ಬಾಣೆಯಿಂದ ಬರಬೇಕು. ಆ ಕಾರಣಕ್ಕಾಗಿಯೇ ಅದಕ್ಕೆ ಕಂದಾಯವಿರಲಿಲ್ಲ. ಬಾಣೆಯ ಆಚೆ ಊರಿನ ದೇವರಕಾಡು. ಅಲ್ಲಿ ಕೊಡಲಿಯನ್ನು ಹಾಕಬಾರದೆಂಬ ಕಟ್ಟು. ತಗ್ಗಿನಲ್ಲಿ ಗದ್ದೆ, ಇಳಿಜಾರಿನಲ್ಲಿ ಬಾಣೆ, ಮೇಲೆ ದೇವರಕಾಡು, ನಡುವೆ ಐನ್‌ಮನೆ, ಊರವರು ಸೇರುವ ಮಂದ್. ಇವುಗಳಲ್ಲಿ ಯಾವ ಒಂದನ್ನೂ ಬಿಡಿಸಿ ಬೆಲೆ ಕಟ್ಟುವ ಕ್ರಮ ಇರಲಿಲ್ಲ. ಸುಗ್ಗಿಯ ಹಬ್ಬವಾದ ಪುತ್ತರಿಯ ರಾತ್ರಿ ಗದ್ದೆಯಿಂದ ಕದಿರು ತೆಗೆದು ಮನೆಗೆ ತರುವ ವಿಧಿಯೇ ಈ ಜೋಡಣೆಯನ್ನು ವರ್ಷವರ್ಷವೂ ನೆನಪಿಸುತ್ತಿತ್ತು.

ಈ ಜೋಡಣೆಯ ಅಡಿಯಲ್ಲಿ ಆಳುಗಳ ಬದುಕಿತ್ತು ಎಂಬುದನ್ನು ಮರೆಯುವಂತಿಲ್ಲ. ಒಕ್ಕದ ಗದ್ದೆಗಳಲ್ಲಿ ದುಡಿಯುತ್ತಿದ್ದ ಯರವರು ಮತ್ತು ದಲಿತ ಸಮುದಾಯದವರನ್ನು ಹತ್ತೊಂಬತ್ತನೆಯ ಶತಮಾನದ ಆಡಳಿತ ದಾಖಲೆಗಳು ಸ್ಪಷ್ಟವಾಗಿ ಗುಲಾಮರೆಂದೇ ಕರೆದಿವೆ. ಕೆಲವರು ಭೂಮಿಗೆ ಕಟ್ಟಲ್ಪಟ್ಟವರು, ಕೆಲವರು ಮನೆತನಕ್ಕೆ ಕಟ್ಟಲ್ಪಟ್ಟವರು. ಮಾರಲಾಗದ ಜಮ್ಮದ ಭೂಮಿಯು ಒಕ್ಕಕ್ಕೆ ಭದ್ರತೆಯನ್ನು ಕೊಟ್ಟಿತು. ಅದೇ ಭೂಮಿ ಆಳಿಗೆ ಬಿಟ್ಟು ಹೋಗಲಾಗದ ಕಟ್ಟಾಯಿತು. ಹಳೆಯ ಊರು ಎಲ್ಲರಿಗೂ ಒಂದೇ ಊರಾಗಿರಲಿಲ್ಲ. ಹೊರಗಿನ ಬಂಡವಾಳ ಏನನ್ನು ಮುರಿಯಿತು ಎಂದು ಲೆಕ್ಕ ಹಾಕುವಾಗ ಈ ಮಾತು ನೆನಪಿನಲ್ಲಿರಬೇಕು.

1854ರ ತರುವಾಯ

ಕೊಡಗಿನಲ್ಲಿ ಕಾಫಿ ಗಿಡ ಯುರೋಪಿಯನ್ನರಿಗಿಂತ ಮೊದಲೇ ಇತ್ತು. ಮನೆಯ ಹಿತ್ತಲಲ್ಲಿ ನಾಲ್ಕಾರು ಗಿಡ ಬೆಳೆಸಿಕೊಳ್ಳುವ ರೂಢಿ ಕೆಲವೆಡೆ ಇದ್ದಿತು. ಬಂಡವಾಳದ ಬೆಳೆಯಾಗಿ ಕಾಫಿ ಅಲ್ಲಿ ಕಾಲೂರಿದ್ದು 1854ರಲ್ಲಿ, ಫೌಲರ್ ಎಂಬ ಯುರೋಪಿಯನ್ನನು ಮಡಿಕೇರಿಯಲ್ಲಿ ತೋಟವನ್ನು ತೆರೆದಾಗ. ಮುಂದಿನ ಕೆಲವು ವರ್ಷಗಳಲ್ಲಿ ಮಡಿಕೇರಿಯ ಸುತ್ತಮುತ್ತ ಮತ್ತು ಸಂಪಾಜೆ ಘಟ್ಟದ ಇಳಿಜಾರುಗಳಲ್ಲಿ ತೋಟಗಳು ಒಂದರ ಹಿಂದೆ ಒಂದಾಗಿ ಎದ್ದವು.

ಸರಕಾರದ ಲೆಕ್ಕದಲ್ಲಿ ಈ ತೋಟಗಳು ಎದ್ದದ್ದು ಪಾಳು ಭೂಮಿಯ ಮೇಲೆ. ಪಾಳು ಎಂಬ ಮಾತು ಇಲ್ಲಿ ವಿಚಾರಣೀಯವಾಗಿದೆ. ಕಂದಾಯ ಬಾರದ ಭೂಮಿಯೆಲ್ಲವೂ ಕಚೇರಿಯ ದೃಷ್ಟಿಯಲ್ಲಿ ಪಾಳು. ಜೇನು, ಬಿದಿರು, ಗೆಡ್ಡೆಗೆಣಸುಗಳಿಂದ ಬದುಕುತ್ತಿದ್ದ ಕುರುಬರಿಗಾಗಲಿ, ದನ ಬಿಡುತ್ತಿದ್ದ ಊರಿನವರಿಗಾಗಲಿ ಅದು ಪಾಳಾಗಿರಲಿಲ್ಲ. ಗಂಗರ ದತ್ತಿಯಲ್ಲಿ ಊರಿನವರು ಸಾಕ್ಷಿಗಳಾಗಿದ್ದರು. ಪಾಳು ಭೂಮಿಯ ಮಂಜೂರಾತಿಗೆ ಅಂಥ ಸಾಕ್ಷಿಯ ಅಗತ್ಯವೇ ಬೀಳಲಿಲ್ಲ.

ಮೊದಲ ತಲೆಮಾರಿನ ಪ್ಲಾಂಟರುಗಳು ಕಾಡನ್ನು ಪೂರ್ತಿಯಾಗಿ ಕಡಿದು ಬಯಲಿನಲ್ಲಿ ಕಾಫಿ ನೆಟ್ಟರು. ಕೆಲವು ವರ್ಷ ಫಸಲು ಹುಲುಸಾಗಿ ಬಂದಿತು. 1860ರ ದಶಕದಲ್ಲಿ ಕಾಂಡಕೊರಕ ಹುಳು ಹಬ್ಬಿತು. ನೆರಳಿಲ್ಲದ ತೋಟಗಳು ಅದಕ್ಕೆ ಸುಲಭವಾಗಿ ಬಲಿಯಾದವು. ಘಟ್ಟದ ಮಳೆಗೆ ಇಳಿಜಾರಿನ ಮಣ್ಣು ಕೊಚ್ಚಿಹೋಯಿತು. ಎಲೆತುಕ್ಕು ರೋಗವೂ ಬಂದಿತು. ಆಗ ಬಂಡವಾಳವು ಘಟ್ಟವನ್ನು ಬಿಟ್ಟು ಪೂರ್ವಕ್ಕೆ ಸರಿದು, ಸಿದ್ದಾಪುರ ಪೊಲ್ಲಿಬೆಟ್ಟಗಳ ಕಡೆಯ ಬಿದಿರು ಸೀಮೆಯಲ್ಲಿ ನೆರಳಿನಡಿಯ ಕಾಫಿಯನ್ನು ಆರಂಭಿಸಿತು. ಕೈಬಿಟ್ಟ ತೋಟಗಳನ್ನು ಲಂಟಾನದ ಪೊದೆಗಳು ಆವರಿಸಿದವು.

ಹೊರಗಿನ ಬಂಡವಾಳದ ಸ್ವಭಾವವು ಈ ಘಟನೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಬೆಳೆ ಸೋತಾಗ ಒಕ್ಕವು ಊರು ಬಿಡಲಾರದು. ಅದರ ಕಾರೋಣನ ನೆಲೆ ಅಲ್ಲಿಯೇ ಇದೆ. ಆದ್ದರಿಂದ ಅದು ಮುಂದಿನ ವರ್ಷಕ್ಕೆ ಮಣ್ಣನ್ನು ಉಳಿಸಿಕೊಳ್ಳಲೇಬೇಕು. ಬಂಡವಾಳಕ್ಕೆ ಅಂಥ ಬಂಧವಿಲ್ಲ. ಸೋತ ನೆಲವನ್ನು ಬಿಟ್ಟು ಗೆಲ್ಲುವ ನೆಲಕ್ಕೆ ಹೋಗುವುದು ಅದರ ದೃಷ್ಟಿಯಿಂದ ವಿವೇಕವೇ ಸರಿ. ಬಿಟ್ಟುಹೋದ ಇಳಿಜಾರಿನ ನಷ್ಟವು ಮಾತ್ರ ಯಾರ ಲೆಕ್ಕಪುಸ್ತಕದಲ್ಲಿಯೂ ಬರಲಿಲ್ಲ.

ಇನ್ನೊಂದು ಬದಲಾವಣೆ ಒಳಗಿನಿಂದಲೇ ನಡೆಯಿತು. ಯುರೋಪಿಯನ್ನರ ಲಾಭವನ್ನು ಕಂಡ ಕೊಡವರೂ ಇತರ ಜಮ್ಮದ ಹಿಡುವಳಿದಾರರೂ ತಮ್ಮ ಬಾಣೆಗಳಲ್ಲಿ ಕಾಫಿ ನೆಟ್ಟರು. ಹತ್ತು ಎಕರೆಯವರೆಗಿನ ಬಾಣೆಯ ಕಾಫಿಗೆ ಕಂದಾಯವಿಲ್ಲ, ಅದಕ್ಕೆ ಮೇಲ್ಪಟ್ಟರೆ ಉಂಟು ಎಂಬ ನಿಯಮ ಜಾರಿಯಲ್ಲಿತ್ತು. ಗದ್ದೆಯ ಸೇವೆಗೆಂದು ಬಿಟ್ಟಿದ್ದ ಬಾಣೆಯು ಹೀಗೆ ತಾನೇ ಮುಖ್ಯ ಆದಾಯದ ನೆಲವಾಯಿತು. ಸೊಪ್ಪು ಗೊಬ್ಬರ ಕಡಿಮೆಯಾಗಿ ಗದ್ದೆಯು ಬಾಣೆಯ ಸಂಪಾದನೆಯನ್ನು ಆಶ್ರಯಿಸಬೇಕಾಯಿತು. ಈ ಹಂತದಲ್ಲಿ ಒಡೆಯನ ಹೆಸರು ಬದಲಾಗಿರಲಿಲ್ಲ. ಬದಲಾದದ್ದು ನೆಲದ ಎರಡು ಭಾಗಗಳ ನಡುವಣ ಸಂಬಂಧ. ಹೊರಗಿನ ಹಣವು ಊರನ್ನು ಬದಲಿಸಲು ಊರಿನ ಭೂಮಿಯನ್ನು ಕೊಳ್ಳಲೇಬೇಕೆಂದಿಲ್ಲ. ಅದು ತಂದ ಬೆಲೆಯೂ ಆ ಕೆಲಸವನ್ನು ಮಾಡಬಲ್ಲದು.

ಕೂಲಿ, ಮುಂಗಡ, ಲೈನ್‌ಮನೆ

ತೋಟಕ್ಕೆ ಜನ ಬೇಕು. ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು 1843ರ ಕಾಯಿದೆ ತೆಗೆದುಹಾಕಿದ್ದರೂ ಕಾಗದದ ಮೇಲಿನ ಬಿಡುಗಡೆ ಹೊಟ್ಟೆಗೆ ದಾರಿ ತೋರಿಸುವುದಿಲ್ಲ. ನಗದು ಕೂಲಿ ಕೊಡುವ ತೋಟವು ಹತ್ತಿರದಲ್ಲಿ ಎದ್ದ ಮೇಲೆ ಒಕ್ಕದ ಆಳಿಗೆ ಹೋಗಲು ಇನ್ನೊಂದು ಜಾಗವಾಯಿತು. ಗದ್ದೆಯ ಯಜಮಾನರು ಆಳುಗಳ ಅಭಾವವನ್ನು ಕುರಿತು ಕೊರಗಿದ್ದರಲ್ಲಿ ಆಶ್ಚರ್ಯವಿಲ್ಲ. ಆ ಕೊರಗು ಬೇರೊಬ್ಬರ ಬಿಡುಗಡೆಯ ಸುದ್ದಿಯೂ ಆಗಿತ್ತು. ಹೊರಗಿನ ಬಂಡವಾಳವು ಊರಿಗೆ ಮಾಡಿದ ಒಳಿತುಗಳಲ್ಲಿ ಇದನ್ನು ಮೊದಲು ಎಣಿಸಬೇಕು. ರಸ್ತೆಗಳು, ಅಂಚೆ, ವಾರದ ಸಂತೆಗಳು ಆಮೇಲಿನವು.

ಆದರೆ ಆ ಬಿಡುಗಡೆ ಪೂರ್ಣವಾಗಲಿಲ್ಲ. ಸ್ಥಳೀಯರು ಸಾಲದೆ ಮೈಸೂರು ಸೀಮೆ, ಕನ್ನಡ ಜಿಲ್ಲೆ, ಮಲಬಾರು ಮತ್ತು ತಮಿಳು ನಾಡುಗಳಿಂದ ಕೂಲಿಗಳನ್ನು ತರಿಸಲಾಯಿತು. ಕರೆತರುವವನು ಮೇಸ್ತ್ರಿ. ಅವನ ಕೈಯಲ್ಲಿ ಪ್ಲಾಂಟರು ಮುಂಗಡ ಕೊಡುತ್ತಿದ್ದನು. ಮುಂಗಡವನ್ನು ಪಡೆದವನು ಕೆಲಸ ಬಿಟ್ಟು ಓಡಿದರೆ 1859ರ ಕರಾರುಭಂಗದ ಕಾಯಿದೆಯ ಪ್ರಕಾರ ಮ್ಯಾಜಿಸ್ಟ್ರೇಟನ ಮುಂದೆ ನಿಲ್ಲಬೇಕಾಗುತ್ತಿತ್ತು. ಹುಟ್ಟಿನ ಕಟ್ಟು ಹೋಗಿ ಸಾಲದ ಕಟ್ಟು ಬಂದಿತು. ಮಳೆ ಮತ್ತು ಮಲೇರಿಯಾಗಳ ನಡುವೆ ಸಾಲುಸಾಲಾಗಿ ಕಟ್ಟಿದ ಲೈನ್‌ಮನೆಗಳಲ್ಲಿ ಅವರು ವಾಸಿಸಿದರು. ಕೆಲಸವಿರುವವರೆಗೆ ಮನೆ, ಕೆಲಸ ಹೋದರೆ ಸೂರೂ ಹೋಯಿತು.

1901ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 1,80,607. ಅವರಲ್ಲಿ ಗಣನೀಯ ಪ್ರಮಾಣದವರು ಹೊರಗೆ ಹುಟ್ಟಿದವರು. ಒಕ್ಕ, ಊರು, ನಾಡು ಎಂಬ ಹಳೆಯ ವಿಭಾಗಗಳಲ್ಲಿ ಇವರಿಗೆ ಸ್ಥಾನವಿರಲಿಲ್ಲ. ಊರಿನ ಮಂದ್‌ನಲ್ಲಿ ನಿಲ್ಲುವ ಹಕ್ಕು ಇವರದಲ್ಲ, ಪುತ್ತರಿಯ ಕದಿರು ಇವರದಲ್ಲ. ಮೂರು ತಲೆಮಾರು ಅದೇ ತೋಟದಲ್ಲಿ ದುಡಿದರೂ ಇವರು ತೋಟದವರೆನಿಸಿದರೇ ಹೊರತು ಊರಿನವರೆನಿಸಲಿಲ್ಲ. ಹೊರಗಿನ ಹೂಡಿಕೆಯು ಹೊರಗಿನ ಒಡೆಯನೊಂದಿಗೆ ನೆಲೆಯಿಲ್ಲದ ನೆರೆಯವರನ್ನೂ ತರುತ್ತದೆ ಎಂಬುದು ಚರ್ಚೆಗಳಲ್ಲಿ ಬಿಟ್ಟುಹೋಗುವ ಸಂಗತಿ.

ದೇವರಕಾಡಿನ ಲೆಕ್ಕ

ನೆಲದ ಜೋಡಣೆ ಸಡಿಲಿದುದನ್ನು ಅಂಕಿಗಳಲ್ಲಿ ತೋರಿಸಬೇಕಾದರೆ ದೇವರಕಾಡುಗಳನ್ನು ನೋಡಬೇಕು. ಕೊಡಗಿನ ದೇವರಕಾಡುಗಳ ವಿಸ್ತೀರ್ಣ 1905ರಲ್ಲಿ ಸುಮಾರು 15,500 ಎಕರೆ. 1985ರ ಹೊತ್ತಿಗೆ ಅದು ಸುಮಾರು 6,300 ಎಕರೆಗೆ ಇಳಿದಿತ್ತು. ಈ ನಷ್ಟದಲ್ಲಿ ದೊಡ್ಡ ಪಾಲು ಒತ್ತುವರಿಯದು. ಒತ್ತುವರಿಯ ಹಿಂದಿದ್ದ ಆಸೆ ಹೆಚ್ಚಾಗಿ ಕಾಫಿಯದು.

ಇಲ್ಲಿ ಒಂದು ಎಚ್ಚರ ಅವಶ್ಯ. ದೇವರಕಾಡನ್ನು ಒತ್ತಿದವರೆಲ್ಲರೂ ಪರದೇಶದ ಪ್ಲಾಂಟರುಗಳಲ್ಲ, ಅಕ್ಕಪಕ್ಕದ ಊರಿನವರೂ ಇದ್ದರು. ಆದ್ದರಿಂದ ಹೊರಗಿನವರು ಕೆಡಿಸಿದರು, ಒಳಗಿನವರು ಕಾಪಾಡಿದರು ಎಂಬ ಸರಳ ಕಥೆ ಇಲ್ಲಿ ನಿಲ್ಲುವುದಿಲ್ಲ. ಕೊಡಲಿ ಹಾಕಬಾರದೆಂಬ ಕಟ್ಟನ್ನು ಕಾಯುತ್ತಿದ್ದುದು ದೇವರ ಭಯದೊಂದಿಗೆ ನೆರೆಯವರ ಕಣ್ಣು. ಪ್ರತಿ ಎಕರೆಗೂ ಮಾರುಕಟ್ಟೆಯ ಬೆಲೆ ಬಂದ ಮೇಲೆ, ನೆರೆಯವರು ತಾವೂ ಅದೇ ಲೆಕ್ಕದಲ್ಲಿ ತೊಡಗಿದ ಮೇಲೆ, ಕಾಯುವ ಕಣ್ಣು ದುರ್ಬಲವಾಯಿತು. ಜೈನ ಪರಂಪರೆಯಲ್ಲಿ ಶ್ರಾವಕನ ಐದು ಅಣುವ್ರತಗಳಲ್ಲಿ ಪರಿಗ್ರಹಪರಿಮಾಣವೂ ಒಂದು. ಇಷ್ಟು ಹೊಲ, ಇಷ್ಟು ಮನೆ, ಇಷ್ಟು ಹೊನ್ನು ಎಂದು ಗೃಹಸ್ಥನು ತಾನೇ ಎಲ್ಲೆ ಹಾಕಿಕೊಳ್ಳಬೇಕೆಂಬ ಈ ವ್ರತದಲ್ಲಿ ಕ್ಷೇತ್ರವೆಂಬ ಹೊಲಗದ್ದೆಯನ್ನು ಪ್ರತ್ಯೇಕವಾಗಿಯೇ ಹೆಸರಿಸಲಾಗಿದೆ. ಎಲ್ಲೆಯನ್ನು ಹೊರಗಿನವರು ಹಾಕಿದರೆ ಕಾನೂನು, ತಾನೇ ಹಾಕಿಕೊಂಡರೆ ವ್ರತ, ಊರು ಸೇರಿ ಹಾಕಿದರೆ ಕಟ್ಟು. ಕೊಡಗಿನಲ್ಲಿ ಮೊದಲು ಸಡಿಲವಾದದ್ದು ಊರಿನ ಕಟ್ಟು.

ಕಾನೂನಿನ ಎಲ್ಲೆ

ಸ್ವಾತಂತ್ರ್ಯದ ಅನಂತರ ಸಡಿಲಗೊಂಡ ಎಲ್ಲೆಯ ಸ್ಥಾನದಲ್ಲಿ ಕಾನೂನು ಬಂದಿತು. 1942ರ ಕಾಯಿದೆಯಂತೆ ರೂಪುಗೊಂಡ ಕಾಫಿ ಮಂಡಳಿಯು ಬೆಳೆಗಾರರೆಲ್ಲರ ಕಾಫಿಯನ್ನು ಒಟ್ಟುಗೂಡಿಸಿ ಮಾರುವ ವ್ಯವಸ್ಥೆಯನ್ನು ನಡೆಸುತ್ತಿತ್ತು. ಅದರಿಂದ ಸಣ್ಣ ಬೆಳೆಗಾರನೂ ಮಾರುಕಟ್ಟೆಯ ಏರಿಳಿತದಿಂದ ಸ್ವಲ್ಪಮಟ್ಟಿಗೆ ರಕ್ಷಣೆ ಪಡೆದನು. 1951ರ ತೋಟ ಕಾರ್ಮಿಕರ ಕಾಯಿದೆಯು ದೊಡ್ಡ ತೋಟಗಳ ಒಡೆಯರು ಕಾರ್ಮಿಕರಿಗೆ ವಸತಿ, ಔಷಧೋಪಚಾರ, ಮಕ್ಕಳ ಶಿಕ್ಷಣಗಳಿಗೆ ಏರ್ಪಾಡು ಮಾಡಬೇಕೆಂದು ವಿಧಿಸಿತು. ಒಡೆತನದೊಂದಿಗೆ ಹೊಣೆಯನ್ನು ಮತ್ತೆ ಕಟ್ಟುವ ಪ್ರಯತ್ನವೆಂದು ಇದನ್ನು ಗುರುತಿಸಬೇಕು. ಮುಳ್ಳೂರಿನ ಬಾವಿಯ ಕೆಲಸವನ್ನು ಧರ್ಮದ ಬದಲು ಶಾಸನಸಭೆಯು ವಹಿಸಿಕೊಂಡಂತಾಯಿತು.

ಕೊಡಗು 1956ರಲ್ಲಿ ಮೈಸೂರು ರಾಜ್ಯದಲ್ಲಿ ವಿಲೀನಗೊಂಡಿತು. 1961ರ ಭೂಸುಧಾರಣಾ ಕಾಯಿದೆ ಮತ್ತು 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಅದರ ತಿದ್ದುಪಡಿಗಳು ಕರಾವಳಿಯಲ್ಲಿ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿದ ಕಥೆ ಎಲ್ಲರಿಗೂ ತಿಳಿದುದೇ. ಆ ಕಾಯಿದೆಯ 79ಎ ಮತ್ತು 79ಬಿ ಕಲಮುಗಳು ಕೃಷಿಯೇತರ ಆದಾಯ ಹೆಚ್ಚಿರುವವರೂ ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳುವುದನ್ನು ತಡೆದವು. ಆದರೆ 104ನೆಯ ಕಲಮು ಕಾಫಿ, ಟೀ, ರಬ್ಬರ್, ಏಲಕ್ಕಿ, ಮೆಣಸು ಮೊದಲಾದ ತೋಟಗಳನ್ನು ಭೂಮಿತಿಯಿಂದಲೂ ಈ ನಿರ್ಬಂಧಗಳಿಂದಲೂ ಹೊರಗಿಟ್ಟಿತು. ಕೊಡಗಿನ ಮಟ್ಟಿಗೆ ಇದರ ಅರ್ಥವೇನು? ಗದ್ದೆಗೆ ಬೇಲಿ, ತೋಟಕ್ಕೆ ತೆರೆದ ಬಾಗಿಲು. ಒಂದೇ ಕುಟುಂಬದ ಒಂದೇ ಇಳಿಜಾರಿನಲ್ಲಿ ಎರಡು ಕಾನೂನುಗಳು ಅಕ್ಕಪಕ್ಕದಲ್ಲಿ ನಿಂತವು.

2020ರ ತಿದ್ದುಪಡಿಯು 79ಎ, 79ಬಿ ಕಲಮುಗಳನ್ನು ತೆಗೆದುಹಾಕಿತು. ತೋಟದ ಭೂಮಿಗೆ ಇದರಿಂದ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಅದು ಮೊದಲೇ ತೆರೆದಿತ್ತು. ಬೇಲಿ ಬಿದ್ದದ್ದು ತಗ್ಗಿನ ಗದ್ದೆಗೆ. ನಾಡಿನ ಇತರ ಜಿಲ್ಲೆಗಳಲ್ಲಿ ಈ ತಿದ್ದುಪಡಿಯ ಪರಿಣಾಮಗಳನ್ನು ಊಹಿಸಬಯಸುವವರು ಕೊಡಗಿನ ತೋಟಗಳ ನೂರೆಪ್ಪತ್ತು ವರ್ಷಗಳನ್ನು ಅಭ್ಯಸಿಸಿದರೆ ಸಾಕು. ಊಹೆ ಬೇಕಾಗದಷ್ಟು ಅನುಭವ ಅಲ್ಲಿ ಸಂಚಿತವಾಗಿದೆ.

ಇಂದಿನ ನೆಲ

1990ರ ದಶಕದಲ್ಲಿ ಕಾಫಿ ಮಂಡಳಿಯ ಮಾರಾಟ ವ್ಯವಸ್ಥೆ ಹಂತಹಂತವಾಗಿ ಕೊನೆಗೊಂಡು ಬೆಳೆಗಾರನು ನೇರವಾಗಿ ಜಗತ್ತಿನ ಬೆಲೆಗೆ ಎದುರಾದನು. ಬೆಲೆ ಏರಿದಾಗ ಸಂಪತ್ತು ಬಂದಿತು. 2000ದ ಆಚೀಚೆ ಬೆಲೆ ಕುಸಿದಾಗ ಸಾಲವೂ ಬಂದಿತು. ಭತ್ತದ ಗದ್ದೆಯಂತೂ ಕೂಲಿಯ ವೆಚ್ಚವನ್ನು ತೆರಲಾರದೆ ಅನೇಕ ಕಡೆ ಬೀಳುಬಿದ್ದಿತು. ಆ ಗದ್ದೆಗಳನ್ನು ಕೇರಳದ ಕಡೆಯಿಂದ ಬಂದವರು ಗುತ್ತಿಗೆಗೆ ಪಡೆದು ಶುಂಠಿ ಬೆಳೆದರು. ಶುಂಠಿಯನ್ನು ಒಂದೇ ನೆಲದಲ್ಲಿ ವರ್ಷ ವರ್ಷವೂ ಬೆಳೆಯಲಾಗದು; ಕೊಳೆರೋಗ ಹಿಡಿಯುತ್ತದೆ. ಹೀಗಾಗಿ ಗುತ್ತಿಗೆದಾರನು ನೆಲದಿಂದ ನೆಲಕ್ಕೆ ಹೋಗುತ್ತಾನೆ. ಸಂಪಾಜೆ ಘಟ್ಟದಿಂದ ಬಿದಿರು ಸೀಮೆಗೆ ಸರಿದ ಹತ್ತೊಂಬತ್ತನೆಯ ಶತಮಾನದ ಬಂಡವಾಳದ ನಡಿಗೆ ಇಲ್ಲಿ ಚಿಕ್ಕ ಪ್ರಮಾಣದಲ್ಲಿ, ಹೆಚ್ಚು ವೇಗದಲ್ಲಿ ಮರುಕಳಿಸಿದೆ. ಗುತ್ತಿಗೆಯ ಹಣವೇ ಎಷ್ಟೋ ಮನೆಗಳ ಸಾಲ ತೀರಿಸಿತೆಂಬುದೂ ನಿಜ.

ಇತ್ತೀಚಿನ ಹೂಡಿಕೆಗೆ ಬೆಳೆಯೇ ಬೇಕಾಗಿಲ್ಲ. ನೋಟ, ತಂಪು, ಮಂಜು ಇವಕ್ಕೆ ಬೆಲೆ ಬಂದಿದೆ. ರೆಸಾರ್ಟಿಗಾಗಿ, ಎರಡನೆಯ ಮನೆಗಾಗಿ, ಇಲ್ಲವೆ ಮುಂದೆ ಬೆಲೆ ಏರಲೆಂಬ ನಿರೀಕ್ಷೆಗಾಗಿ ಕೊಂಡ ನೆಲದಲ್ಲಿ ಒಡೆಯನು ಮಳೆಗಾಲದಲ್ಲಿ ಇರುವುದಿಲ್ಲ. ಚರಂಡಿ ಕಟ್ಟಿದಾಗ ನೆರೆಯವನ ಗದ್ದೆಗೆ ನೀರು ನುಗ್ಗಿದರೆ ಮಾತನಾಡಲು ಅಲ್ಲಿ ಕಾವಲುಗಾರ ಮಾತ್ರ ಇರುತ್ತಾನೆ. 2018ರ ಆಗಸ್ಟ್‌ನ ಮಳೆಯಲ್ಲಿ ಮಕ್ಕಂದೂರು, ಜೋಡುಪಾಲ ಮೊದಲಾದ ಕಡೆ ಬೆಟ್ಟಗಳು ಕುಸಿದು ಊರುಗಳ ಮೇಲೆ ಬಿದ್ದವು. ಅಸಾಧಾರಣ ಮಳೆಯೇ ಮುಖ್ಯ ಕಾರಣವಾದರೂ ಇಳಿಜಾರುಗಳನ್ನು ಕಡಿದು ಸಮಮಾಡಿದ್ದರ ಪಾತ್ರವನ್ನೂ ತಜ್ಞರು ಎತ್ತಿ ಹೇಳಿದರು.

ಇನ್ನು ಲೈನ್‌ಮನೆಗಳು. 2016ರ ಡಿಸೆಂಬರಿನಲ್ಲಿ ದಕ್ಷಿಣ ಕೊಡಗಿನ ದಿಡ್ಡಳ್ಳಿಯಲ್ಲಿ ಅರಣ್ಯದ ಅಂಚಿನ ಗುಡಿಸಲುಗಳನ್ನು ಕೆಡವಿ ಆದಿವಾಸಿ ಕುಟುಂಬಗಳನ್ನು ತೆರವುಗೊಳಿಸಿದಾಗ ನಾಡಿನ ಗಮನ ಅತ್ತ ಹರಿಯಿತು. ಅಲ್ಲಿದ್ದ ಜೇನುಕುರುಬರು ಮತ್ತು ಯರವರಲ್ಲಿ ಅನೇಕರು ತೋಟಗಳ ಲೈನ್‌ಮನೆಗಳನ್ನು ಬಿಟ್ಟುಬಂದವರು. ತಮ್ಮದೇ ಆದ ಒಂದು ತುಂಡು ನೆಲವೇ ಅವರ ಬೇಡಿಕೆಯಾಗಿತ್ತು. ಹನ್ನೊಂದು ಶತಮಾನಗಳ ಹಿಂದೆ ಬಿಳಿಯೂರಿನ ಕಲ್ಲಿನ ಮೇಲೆ ಸಾಕ್ಷಿಗಳಾಗಿ ಹೆಸರಿಸಲ್ಪಡದವರು, ಜಮ್ಮದ ಕಡತಗಳಲ್ಲಿ ಸ್ವತ್ತಿನ ಭಾಗವಾಗಿದ್ದವರು, ತೋಟದ ಹಾಜರಿಪಟ್ಟಿಯಲ್ಲಿ ಮಾತ್ರ ಹೆಸರಿದ್ದವರು ಭೂಮಿಯ ಪ್ರಶ್ನೆಯನ್ನು ಎತ್ತಿದರು. ಹೊರಗಿನ ಹೂಡಿಕೆಯಿಂದ ಊರು ಪಡೆದುದೇನು, ಕಳೆದುಕೊಂಡುದೇನು ಎಂಬ ಲೆಕ್ಕದಲ್ಲಿ ಇವರನ್ನು ಸೇರಿಸದೆ ಹೋದರೆ ಲೆಕ್ಕವೇ ಸುಳ್ಳಾಗುತ್ತದೆ.

ಉಪಸಂಹಾರ

ಕೊಡಗಿನ ಚರಿತ್ರೆಯಿಂದ ಹೊರಡುವ ಮಾತನ್ನು ಹೀಗೆ ಸಂಗ್ರಹಿಸಬಹುದು. ಹೊರಗಿನವನಿಗೆ ಭೂಮಿಯ ಮೇಲೆ ಹಕ್ಕು ದೊರೆಯುವುದು ನಮ್ಮ ನಾಡಿಗೆ ಹೊಸತಲ್ಲ, ಅದು ತನ್ನಷ್ಟಕ್ಕೆ ಊರನ್ನು ಕೆಡಿಸುವುದೂ ಇಲ್ಲ. ಹಕ್ಕಿನೊಂದಿಗೆ ಹೊಣೆಯು ಬಂದಾಗ ಊರಿಗೆ ಬಾವಿ ದೊರೆತಿದೆ, ಆಳಿಗೆ ಕೂಲಿ ದೊರೆತಿದೆ. ಗದ್ದೆ, ಬಾಣೆ, ಕಾಡು, ನೀರು, ದುಡಿಯುವ ಜನ ಎಂಬ ಜೋಡಣೆಯಿಂದ ಲಾಭ ತರುವ ಒಂದನ್ನು ಮಾತ್ರ ಬಿಡಿಸಿಕೊಂಡು, ಉಳಿದುದರ ಹೊಣೆಯನ್ನು ಯಾರೂ ಹೊರದೆ ಹೋದಾಗಲೆಲ್ಲ ಊರು ಒಡೆದಿದೆ. ಬಿಡಿಸಿಕೊಂಡವನು ಒಳಗಿನವನಾಗಿದ್ದರೂ ಪರಿಣಾಮ ಅದೇ ಆಗಿದೆ.

ಸಂಶೋಧನೆಯ ದೃಷ್ಟಿಯಿಂದ ಇಲ್ಲಿ ಮಾಡಬೇಕಾದ ಕೆಲಸ ಬಹಳವಿದೆ. ಇಂದಿನ ಪಹಣಿಯಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಹಿಡುವಳಿದಾರನ ಹೆಸರು, ಬೆಳೆ, ಸಾಲದ ವಿವರ ಸಿಗುತ್ತವೆ. ಆ ನೆಲದ ಮೂಡಣಕ್ಕೆ ಯಾರ ಗದ್ದೆ, ಪಡುವಣಕ್ಕೆ ಯಾವ ಹಳ್ಳ ಎಂಬುದು ಅದರಲ್ಲಿಲ್ಲ. ನಮ್ಮ ಹಳೆಯ ಭೂದಾನ ಶಾಸನಗಳು ಎಷ್ಟೋ ವೇಳೆ ದಾನದ ವಿವರಕ್ಕಿಂತ ಹೆಚ್ಚಿನ ಪಂಕ್ತಿಗಳನ್ನು ಎಲ್ಲೆಗಳ ವಿವರಕ್ಕೆ ಕೊಟ್ಟಿವೆ: ಇಂಥ ಹುಣಸೆ, ಇಂಥ ಬಂಡೆ, ಇಂಥ ಕೆರೆಯ ಕೋಡಿ. ವಿದ್ಯಾರ್ಥಿಗಳು ಆ ಭಾಗವನ್ನು ನೀರಸವೆಂದು ಬಿಟ್ಟು ಮುಂದೆ ಹೋಗುವುದುಂಟು. ಹಾಗೆ 'ನೀರಸ'ವಾದ ಆ ಪಂಕ್ತಿಗಳನ್ನೇ ಊರೂರುಗಳ ಸರ್ವೆ ನಕ್ಷೆಗಳ ಪಕ್ಕದಲ್ಲಿಟ್ಟು ಓದಿದರೆ, ಯಾವ ಹಳ್ಳ ಎಲ್ಲಿ ಹರಿಯುತ್ತಿತ್ತು, ಯಾವ ಕಾಡು ಯಾರ ಎಲ್ಲೆಯಾಗಿತ್ತು, ಯಾರು ಸಾಕ್ಷಿಗಳಾಗಿದ್ದರು, ಯಾರು ಆ ಪಟ್ಟಿಯ ಹೊರಗೆ ಉಳಿದರು ಎಂಬುದು ತಿಳಿದುಬರುತ್ತದೆ. ಭೂಮಿಯನ್ನು ಕೊಳ್ಳುವವರಿಗೂ ಮಾರುವವರಿಗೂ ಕಾನೂನು ಮಾಡುವವರಿಗೂ ಆ ತಿಳಿವಳಿಕೆ ಇಂದು ಅಗತ್ಯವಾಗಿದೆ.